ತೆರೆ ಹರಿದ ಮೇಲೆ ಯಾಜಕ ಯಾರು?

ಬೈಬಲಿನ ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲರ ಡೇರೆಯ ದೇವಾಲಯದ, ಸಾಮಾನುಗಳ ದೊಡ್ಡ ಪಟ್ಟಿಯೇ ಇದೆ. ಅಂಗಳದಲ್ಲಿ ಯಜ್ಞವೇದಿ, ಕೈಕಾಲು ತೊಳೆಯಲು ತಾಮ್ರದ ತೊಟ್ಟಿ. ಒಳಗೆ ರೊಟ್ಟಿ ಇಡುವ ಮೇಜು, ಏಳು ದೀಪಗಳ ಕಂಬ, ಧೂಪವೇದಿ. ತೆರೆಯ ಆಚೆ, ಅತಿ ಪವಿತ್ರ ಜಾಗದಲ್ಲಿ, ಮಂಜೂಷ, ಅಂದರೆ ದೇವರ ಆಜ್ಞೆಗಳನ್ನು ಇಟ್ಟಿದ್ದ ಪೆಟ್ಟಿಗೆ. ಯಾವುದಕ್ಕೆ ಎಷ್ಟು ಮೊಳ, ಯಾವ ಲೋಹ, ಹೊರುವುದಕ್ಕೆ ಯಾವ ಕೋಲು, ಎಲ್ಲವನ್ನೂ ಬರೆದಿಟ್ಟಿದ್ದಾರೆ. ಒಂದು ಸಾಮಾನು ಮಾತ್ರ ಆ ಪಟ್ಟಿಯಲ್ಲಿಲ್ಲ. ಕುರ್ಚಿ! 'ಕೃಪಾಸನ' ಅನ್ನುವ ಮಾತಿನಲ್ಲಿ ಆಸನ ಇದೆ ನಿಜ. ಆದರೆ ಅದು ಮಂಜೂಷದ ಮೇಲಿನ ಮುಚ್ಚಳ. ಯಾಜಕ ಅಂದರೆ ಜನರ ಪರವಾಗಿ ದೇವರಿಗೆ ಬಲಿ ಕೊಡುವವನು. ಅಲ್ಲಿ ಯಾವ ಯಾಜಕನೂ ಕೂರುವ ಹಾಗಿರಲಿಲ್ಲ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ ಈ ಸಣ್ಣ ಸಂಗತಿಯ ಮೇಲೆ ದೊಡ್ಡ ಮಾತನ್ನು ಕಟ್ಟುತ್ತದೆ. ಹಳೆಯ ಯಾಜಕರು ದಿನಾ ನಿಂತುಕೊಂಡೇ ಸೇವೆ ಮಾಡುತ್ತಿದ್ದರು, ಅವೇ ಬಲಿಗಳನ್ನು ಮತ್ತೆ ಮತ್ತೆ ಕೊಡುತ್ತಿದ್ದರು. ಯಾಕಂದ್ರೆ ಅವರ ಕೆಲಸ ಮುಗಿಯುತ್ತಲೇ ಇರಲಿಲ್ಲ. ಕ್ರಿಸ್ತನಾದರೋ ಒಂದೇ ಬಲಿ ಕೊಟ್ಟು ದೇವರ ಬಲಗಡೆ ಕುಳಿತುಕೊಂಡ. ಕುಳಿತ ಅಂದರೆ ಕೆಲಸ ಮುಗಿಯಿತು ಅಂತ ಅರ್ಥ.

ಹಾಗಾದರೆ ಇವತ್ತು ಚರ್ಚಿನಲ್ಲಿ ಯಾಜಕ ಅಂತ ಯಾರನ್ನಾದರೂ ಕರೆಯಬಹುದಾ? ಕರೆದರೆ ಅವರ ಕೆಲಸ ಏನು? ಕರೆಯಬಾರದು ಅನ್ನುವುದಾದರೆ, ಪಾಸ್ಟರ್ ಪ್ರಾರ್ಥನೆಗೆ ಮಾತ್ರ ಹೆಚ್ಚು ಬಲ ಇದೆ ಅಂತ ಅಷ್ಟೊಂದು ಜನ ನಂಬಿಕೊಂಡಿರುವುದು ಯಾಕೆ?

ಈ ಪ್ರಶ್ನೆ ದೇವಶಾಸ್ತ್ರದ ತರಗತಿಯಲ್ಲಿ ಮಾತ್ರ ಉಳಿದಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಜಗತ್ತಿನ ಎಲ್ಲ ಕಥೋಲಿಕರಿಗೆ ಒಂದು ಪತ್ರ ಬರೆದರು. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಕ್ಕೂ ಪಾದ್ರಿಗಳು ತಮ್ಮನ್ನು ತಾವೇ ಮೇಲೆ ಇಟ್ಟುಕೊಳ್ಳುವ ಮನೋಭಾವಕ್ಕೂ ನೇರ ನಂಟಿದೆ ಎಂದು ಅದರಲ್ಲಿ ಹೇಳಿದರು. 2021ರಿಂದ 2024ರವರೆಗೆ ನಡೆದ, ಬಿಷಪ್ಪರ ಸಮಾಲೋಚನಾ ಸಭೆಯಾದ, ಸಿನೊಡ್‌ನ ಉದ್ದಕ್ಕೂ ಗುರುಗಳು, ಅಂದರೆ ಪಾದ್ರಿಗಳು, ಮತ್ತು ಸಾಮಾನ್ಯ ಭಕ್ತರ ನಡುವಿನ ಅಂತರ ಚರ್ಚೆಯಾಗುತ್ತಲೇ ಇತ್ತು. 2025ರ ಅಕ್ಟೋಬರಿನಲ್ಲಿ ಸಾರಾ ಮುಲ್ಲಾಲಿ ಅವರನ್ನು, ಮೊದಲ ಮಹಿಳೆಯಾಗಿ, ಆಂಗ್ಲಿಕನ್ನರ ಅತಿ ಹಿರಿಯ ಪೀಠವಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಂದು ಹೆಸರಿಸಿದಾಗ ಆಂಗ್ಲಿಕನ್ ಚರ್ಚುಗಳಲ್ಲಿ ಕೆಲವರು ಸಂತೋಷಪಟ್ಟರು, ಕೆಲವರು ಒಪ್ಪಲೇ ಇಲ್ಲ. ಇನ್ನೊಂದು ಕಡೆ, ಯಾವ ಬಿಷಪ್ಪರ ಕೆಳಗೂ ಇಲ್ಲದ ಹೊಸ ಸಭೆಗಳಲ್ಲಿ 'ದೇವರ ಅಭಿಷಿಕ್ತರು' ಎದ್ದು ಬರುತ್ತಿದ್ದಾರೆ. ಇವೆಲ್ಲ ಬೇರೆ ಬೇರೆ ಸುದ್ದಿಗಳ ಹಾಗೆ ಕಾಣುತ್ತವೆ. ಆದರೆ ಅಡಿಯಲ್ಲಿರುವ ಪ್ರಶ್ನೆ ಒಂದೇ: ದೇವರ ಹತ್ತಿರ ಹೋಗಲು ನಡುವೆ ಯಾರು ಬೇಕು?

ಉತ್ತರ ಹುಡುಕಲು ಮೊದಲು 'ಒಡಂಬಡಿಕೆ' ಅನ್ನುವ ಮಾತನ್ನೇ ಹಿಡಿಯೋಣ. ನಾವು ಇದನ್ನು ಬೈಬಲಿನ ಎರಡು ಭಾಗಗಳ ಹೆಸರಾಗಿ ಬಳಸಿ ಬಳಸಿ, ಅದು ಪುಸ್ತಕವಾಗುವ ಮೊದಲು ಒಂದು ಒಪ್ಪಂದವಾಗಿತ್ತು ಅನ್ನುವುದನ್ನು ಮರೆತಿದ್ದೇವೆ. ಒಡಂಬಡು ಅಂದರೆ ಒಪ್ಪು. ಇಬ್ಬರು ಒಪ್ಪಿಕೊಂಡದ್ದು ಒಡಂಬಡಿಕೆ. ಹೀಬ್ರೂ ಭಾಷೆಯಲ್ಲಿ 'ಬೆರೀತ್'. ಅಲ್ಲಿ ಒಡಂಬಡಿಕೆ ಮಾಡಿಕೊಳ್ಳುವುದಕ್ಕೆ ಅದನ್ನು 'ಕಡಿಯುವುದು' ಅನ್ನುತ್ತಾರೆ. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ ಪ್ರಾಣಿಗಳನ್ನು ಎರಡು ಹೋಳು ಮಾಡಿ ಎದುರುಬದುರು ಇಡುತ್ತಾನಲ್ಲ, ಅದು ನೆನಪಿದ್ದರೆ ಈ ಮಾತು ಅರ್ಥವಾಗುತ್ತದೆ. ಗ್ರೀಕ್ ಭಾಷೆಯ 'ದಿಯಾಥೆಕೆ'ಗೆ ಇನ್ನೊಂದು ಅರ್ಥವೂ ಇದೆ. ಅದು ಉಯಿಲು, ಮರಣಶಾಸನ. ಇಬ್ರಿಯರ ಪತ್ರಿಕೆ ಒಂಬತ್ತನೇ ಅಧ್ಯಾಯದಲ್ಲಿ ಎರಡೂ ಅರ್ಥಗಳನ್ನು ಬೇಕೆಂದೇ ಬೆರೆಸುತ್ತದೆ. ಉಯಿಲು ಬರೆದವನು ಸಾಯದೆ ಉಯಿಲು ಜಾರಿಗೆ ಬರುವುದಿಲ್ಲ ಅಲ್ವಾ, ಅಂತ ಕೇಳುತ್ತದೆ.

'ಹೊಸ ಒಡಂಬಡಿಕೆ' ಅನ್ನುವ ಮಾತು ಹುಟ್ಟಿದ್ದು ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಅಲ್ಲ, ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಲ್ಲಿ. ಬಾಬಿಲೋನಿನವರು ಬಂದು ಜೆರುಸಲೇಮನ್ನು ಹಾಳುಮಾಡಿದ ಕಾಲದ ಪ್ರವಾದಿ ಅವನು. ಊರು ಹೋಯಿತು, ದೇವಾಲಯ ಹೋಯಿತು, ರಾಜನೂ ಹೋದ. ಅಂಥ ಹೊತ್ತಿನ ಮಾತು ಇದು: ನನ್ನ ನಿಯಮವನ್ನು ಅವರ ಹೃದಯದಲ್ಲೇ ಬರೆಯುತ್ತೇನೆ. ದೇವರನ್ನು ಅರಿತುಕೋ ಅಂತ ಒಬ್ಬರಿಗೊಬ್ಬರು ಹೇಳಿಕೊಡುವ ಅಗತ್ಯ ಇರುವುದಿಲ್ಲ, ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ನನ್ನನ್ನು ಬಲ್ಲರು. ಅವರ ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ. ಇಬ್ರಿಯರ ಪತ್ರಿಕೆ ಇದನ್ನು ಎಂಟನೇ ಅಧ್ಯಾಯದಲ್ಲಿ ಪೂರ್ತಿಯಾಗಿ ಎತ್ತಿ ಬರೆಯುತ್ತದೆ. ಹಳೆಯ ಒಡಂಬಡಿಕೆಯಿಂದ ಹೊಸದರೊಳಗೆ ಬಂದಿರುವ ಉದ್ಧರಣೆಗಳಲ್ಲಿ ಇದೇ ಅತಿ ಉದ್ದದ್ದು. ಈ ಮೂರು ಭರವಸೆಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ದೇವರ ಮಾತು ಒಳಗೇ ಇದೆ, ದೇವರ ಪರಿಚಯ ಎಲ್ಲರಿಗೂ ಇದೆ, ಪಾಪದ ಲೆಕ್ಕ ಮುಗಿದಿದೆ. ಕಲಿಸುವುದು, ನಡುವೆ ನಿಲ್ಲುವುದು, ಬಲಿ ಕೊಡುವುದು. ಯಾಜಕನ ಮೂರು ಕೆಲಸಗಳನ್ನೂ ಈ ಭರವಸೆಗಳು ಸದ್ದಿಲ್ಲದೆ ಮುಟ್ಟುತ್ತವೆ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡಬೇಕು, ಏಕೆಂದರೆ ಇದನ್ನು ಮರೆತು ಕ್ರೈಸ್ತರು ತುಂಬಾ ಕೆಟ್ಟದ್ದು ಮಾಡಿದ್ದಾರೆ. ಯೆರೆಮೀಯ ಈ ಮಾತು ಹೇಳಿದ್ದು ಇಸ್ರಾಯೇಲಿಗೆ ಮತ್ತು ಯೆಹೂದಕ್ಕೆ. ಅದರ ಮರುವಚನದಲ್ಲೇ, ಸೂರ್ಯ ಚಂದ್ರರ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲು ನನ್ನ ಜನವಾಗಿರುವುದು ತಪ್ಪೀತು ಅನ್ನುತ್ತಾನೆ ದೇವರು. 33ನೇ ಅಧ್ಯಾಯದಲ್ಲಂತೂ ಲೇವಿ ಕುಲದ ಯಾಜಕರಿಗೆ ಎಂದೂ ಕೊರತೆ ಬರುವುದಿಲ್ಲ ಎಂದೇ ಇದೆ. (ಹಳೆಯ ಗ್ರೀಕ್ ಅನುವಾದದಲ್ಲಿ ಈ ವಚನಗಳು ಇಲ್ಲ, ಅದು ಬೇರೆ ವಿಷಯ.) ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಸುರುಳಿಗಳನ್ನು ನೋಡಿದರೆ, ಒಂದು ಯೆಹೂದಿ ಗುಂಪು ತನ್ನನ್ನು 'ಹೊಸ ಒಡಂಬಡಿಕೆ'ಗೆ ಸೇರಿದವರು ಅಂತ ಆಗಲೇ ಕರೆದುಕೊಳ್ಳುತ್ತಿತ್ತು. ಅಂದರೆ ಇದು ಯೆಹೂದಿ ಮನೆಯೊಳಗಿನ ಮಾತುಕತೆ. ಹೊರಗಿನವರು ಬಂದು ಆ ಮನೆಯವರನ್ನೇ ಹೊರಹಾಕಲು ಬಳಸುವ ಕೋಲಲ್ಲ. ಕಥೋಲಿಕ ಸಭೆ ಇದನ್ನು 1965ರಲ್ಲಿ ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಸ್ಪಷ್ಟವಾಗಿ ಹೇಳಲು ಶುರುಮಾಡಿತು. 1980ರಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು, ದೇವರು ಯೆಹೂದಿಗಳೊಂದಿಗೆ ಮಾಡಿಕೊಂಡ ಒಡಂಬಡಿಕೆ ಎಂದೂ ರದ್ದಾಗಿಲ್ಲ ಎಂದರು. ಇಬ್ರಿಯರ ಪತ್ರಿಕೆ ಮೊದಲನೆಯದು 'ಹಳತಾಯಿತು' ಅನ್ನುತ್ತದೆ, ಪೌಲನು ರೋಮಾಪುರದವರಿಗೆ ದೇವರ ಕರೆ ಹಿಂತೆಗೆಯಲಾಗದ್ದು ಅನ್ನುತ್ತಾನೆ. ಎರಡೂ ನಮ್ಮ ಪುಸ್ತಕದಲ್ಲೇ ಇವೆ. ಒಂದನ್ನು ಓದಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಇನ್ನು ಆ ತೆರೆಯ ಹತ್ತಿರ ಬರೋಣ.

ಮಹಾಯಾಜಕನ ಮಾಮೂಲಿ ಉಡುಪು ಬಹಳ ಜೋರಾಗಿತ್ತು. ನೀಲಿ ನಿಲುವಂಗಿಯ ಅಂಚಿಗೆ ಚಿನ್ನದ ಗೆಜ್ಜೆ, ನೂಲಿನ ದಾಳಿಂಬೆ, ಒಂದರ ಪಕ್ಕ ಒಂದು. ಎದೆಪದಕದಲ್ಲಿ ಹನ್ನೆರಡು ರತ್ನ, ಒಂದೊಂದರ ಮೇಲೂ ಒಂದೊಂದು ಕುಲದ ಹೆಸರು ಕೆತ್ತಿರುತ್ತಿತ್ತು. ಜನರನ್ನೆಲ್ಲ ಎದೆಯ ಮೇಲೆ ಹೊತ್ತುಕೊಂಡೇ ಒಳಗೆ ಹೋಗುವುದು ಅಂತ. ಆದರೆ ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನ ಇದೆಲ್ಲವನ್ನೂ ಕಳಚಿಡಬೇಕಿತ್ತು. ಸ್ನಾನ ಮಾಡಿ ಬರೀ ನಾರುಬಟ್ಟೆ ಉಟ್ಟು ಒಳಗೆ ಹೋಗಬೇಕು. ಮೊದಲು ತನ್ನ ಪಾಪಕ್ಕಾಗಿ ಹೋರಿಯ ರಕ್ತ, ಆಮೇಲೆ ಜನರ ಪಾಪಕ್ಕಾಗಿ ಹೋತದ ರಕ್ತ. ಇನ್ನೊಂದು ಹೋತದ ತಲೆಯ ಮೇಲೆ ಕೈಯಿಟ್ಟು ಪಾಪಗಳನ್ನೆಲ್ಲ ಹೇಳಿ ಅದನ್ನು ಅಡವಿಗೆ ಕಳಿಸುತ್ತಿದ್ದರು. ಜೆರುಸಲೇಮಿನ ದೇವಾಲಯದ ಪದ್ಧತಿ ಹೇಗಿತ್ತು ಅಂತ ಯೆಹೂದಿಗಳ ಮಿಷ್ನಾ ಗ್ರಂಥ ವಿವರಿಸುತ್ತದೆ. ಏಳು ದಿನ ಮುಂಚೆಯೇ ಮಹಾಯಾಜಕನನ್ನು ಮನೆಯಿಂದ ಬೇರೆ ಕೋಣೆಗೆ ಕರೆತರುತ್ತಿದ್ದರು. ಅವನಿಗೆ ಏನಾದರೂ ಆದರೆ ಅಂತ ಇನ್ನೊಬ್ಬನನ್ನೂ ಸಿದ್ಧವಾಗಿಡುತ್ತಿದ್ದರು. ಹಿಂದಿನ ರಾತ್ರಿ ಅವನು ನಿದ್ದೆ ಮಾಡದ ಹಾಗೆ ಕಿರಿಯ ಯಾಜಕರು ಪಕ್ಕದಲ್ಲೇ ಕೂತು ಎಬ್ಬಿಸುತ್ತಿದ್ದರು. ಅವನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಒಳಗೆ ಸತ್ತರೆ ಎಳೆಯುವುದಕ್ಕೆ, ಅಂತ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅದು ಬೈಬಲಿನಲ್ಲಿ ಎಲ್ಲೂ ಇಲ್ಲ. ಎಷ್ಟೋ ಶತಮಾನ ಆದ ಮೇಲೆ ಸೇರಿಕೊಂಡ ಕಥೆ. ಹಗ್ಗ ಇಲ್ಲದಿದ್ದರೂ ಆ ಭಯ ಮಾತ್ರ ನಿಜವಾದದ್ದೇ.

ಒಬ್ಬನೇ ಮನುಷ್ಯ. ವರ್ಷದಲ್ಲಿ ಒಂದೇ ದಿನ. ಉಳಿದವರೆಲ್ಲ ಹೊರಗೆ.

ಮಾರ್ಕನ ಸುವಾರ್ತೆಯಲ್ಲಿ ಯೇಸು ಪ್ರಾಣ ಬಿಟ್ಟ ಮರುವಚನವೇ ತೆರೆಯ ಬಗ್ಗೆ. ಅದು ಮೇಲಿನಿಂದ ಕೆಳಗಿನವರೆಗೆ ಹರಿದು ಎರಡು ಭಾಗವಾಯಿತು. ಕೆಳಗಿನಿಂದ ಮೇಲಕ್ಕೆ ಅಲ್ಲ. ಇಬ್ರಿಯರ ಪತ್ರಿಕೆ ಇನ್ನೂ ಮುಂದಕ್ಕೆ ಹೋಗಿ, ಆ ತೆರೆ ಅಂದರೆ ಕ್ರಿಸ್ತನ ಶರೀರವೇ, ಅದರ ಮೂಲಕ ನಮಗೆ ಹೊಸ ದಾರಿ ತೆರೆದಿದೆ, ಧೈರ್ಯವಾಗಿ ಹತ್ತಿರ ಬನ್ನಿ ಅನ್ನುತ್ತದೆ. ಆ ಮಾತು ಹೇಳಿದ್ದು ಯಾಜಕರಿಗೆ ಅಲ್ಲ. ಪತ್ರಿಕೆ ಓದಿಸಿಕೊಂಡು ಕೂತಿದ್ದ ಎಲ್ಲರಿಗೂ.

ಆದರೆ ಯೇಸುವನ್ನು ಯಾಜಕ ಅನ್ನುವುದಕ್ಕೇ ಒಂದು ತೊಡಕಿತ್ತು. ಅವನು ಯೂದ ಕುಲದವನು. ಯಾಜಕನಾಗಬೇಕಾದರೆ ಲೇವಿ ಕುಲದಲ್ಲಿ, ಅದರಲ್ಲೂ ಮೋಶೆಯ ಅಣ್ಣ ಆರೋನನ ವಂಶದಲ್ಲಿ ಹುಟ್ಟಬೇಕು. ಇದಕ್ಕೆ ಪತ್ರಿಕೆ ಕೊಡುವ ಉತ್ತರ ಮೆಲ್ಕಿಜೆದೇಕ. ಆದಿಕಾಂಡ 14ರಲ್ಲಿ ಹೀಗೆ ಬಂದು ಹಾಗೆ ಹೋಗುವ ಮನುಷ್ಯ. ಸಾಲೇಮಿನ ಅರಸ, ದೇವರ ಯಾಜಕ. ತಂದೆ ಯಾರು, ತಾಯಿ ಯಾರು ಒಂದೂ ಬರೆದಿಲ್ಲ. 110ನೇ ಕೀರ್ತನೆ ಅವನ ತರಹದ ಯಾಜಕತ್ವ ಸದಾಕಾಲದ್ದು ಅನ್ನುತ್ತದೆ. ಅವನು ಅಬ್ರಹಾಮನಿಗೆ ರೊಟ್ಟಿ ದ್ರಾಕ್ಷಾರಸ ತಂದುಕೊಟ್ಟದ್ದರಲ್ಲಿ ಮುಂದಿನ ಕಾಲದವರು ಪರಮಪ್ರಸಾದದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸದ, ನೆರಳನ್ನು ಕಂಡರು. ಇಬ್ರಿಯರ ಪತ್ರಿಕೆ ಮಾತ್ರ ಆ ರೊಟ್ಟಿಯ ವಿಷಯ ಎತ್ತುವುದೇ ಇಲ್ಲ. ಅದಕ್ಕೆ ಬೇಕಾದದ್ದು ಒಂದೇ ಸಂಗತಿ: ವಂಶಾವಳಿ ಇಲ್ಲದೆಯೂ ಒಬ್ಬ ಯಾಜಕನಾಗಬಹುದು. ಯೇಸು ಯಾಜಕನಾದದ್ದು ಶಾರೀರಿಕ ಹುಟ್ಟಿನ ನಿಯಮದಿಂದ ಅಲ್ಲ, ಅಳಿವಿಲ್ಲದ ಜೀವದ ಬಲದಿಂದ ಎಂದು ಏಳನೇ ಅಧ್ಯಾಯ ಹೇಳುತ್ತದೆ.

ನನಗೆ ಇಡೀ ಪತ್ರಿಕೆಯಲ್ಲಿ ಅತಿ ಮುಖ್ಯ ಅನ್ನಿಸುವ ಮಾತು ಇದು. ಏಕೆ ಅಂತ ತಿಳಿಯಬೇಕಾದರೆ ಯಾಜಕಕಾಂಡದ 21ನೇ ಅಧ್ಯಾಯ ಓದಬೇಕು. ಆರೋನನ ವಂಶದಲ್ಲೇ ಹುಟ್ಟಿದ್ದರೂ ಕುರುಡ, ಕುಂಟ, ಕೈ ಮುರಿದವನು, ಗೂನು ಬೆನ್ನಿನವನು, ಕುಳ್ಳ, ಇವರು ಯಾರೂ ಬಲಿ ಕೊಡಲು ಮುಂದೆ ಬರುವ ಹಾಗಿಲ್ಲ. ಪವಿತ್ರವಾದ ಆಹಾರದಲ್ಲಿ ಅವರಿಗೂ ಪಾಲು ಉಂಟು, ಊಟಕ್ಕೆ ತಡೆ ಇಲ್ಲ. ಆದರೆ ತೆರೆಯ ಹತ್ತಿರ ಬರಬಾರದು. ಯಾಜಕನ ಮನೆಯಲ್ಲೇ ಹುಟ್ಟಿ, ಅಣ್ಣತಮ್ಮಂದಿರು ಒಳಗೆ ಹೋಗುವುದನ್ನು ದಿನಾ ದೂರದಿಂದ ನೋಡುತ್ತಿದ್ದ ಆ ಹುಡುಗನನ್ನು ನಾನು ಎಷ್ಟೋ ಸಾರಿ ನೆನೆದಿದ್ದೇನೆ. ದೇಹದ ಅರ್ಹತೆ ಮುಖ್ಯ ಅಲ್ಲ ಎಂದು ಹೊಸ ಒಡಂಬಡಿಕೆ ಹೇಳಿದ ಮೇಲೂ ಈ ಪಟ್ಟಿ ಪೂರ್ತಿ ಹೋಗಲಿಲ್ಲ. ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯಲ್ಲೂ ದೇಹದ ಊನ ಗುರುದೀಕ್ಷೆಗೆ, ಅಂದರೆ ಪಾದ್ರಿಯಾಗುವುದಕ್ಕೆ, ಅಡ್ಡಿಯಾಗಿತ್ತು. ವೇದಿಯ ಮುಂದೆ ಸುರಕ್ಷಿತವಾಗಿ, ಗೌರವ ಕೆಡದಂತೆ ಸೇವೆ ಮಾಡಲಾಗದು ಅನ್ನುವುದು ಅದಕ್ಕೆ ಕಾರಣ. 1983ರ ಹೊಸ ಸಂಹಿತೆ ಅದನ್ನು ಕೈಬಿಟ್ಟಿತು.

ಇನ್ನೊಂದು ವಿಷಯ, ಇದು ಪದದ್ದು. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಬಲಿ ಕೊಡುವ ಯಾಜಕನಿಗೆ 'ಹಿಯೆರೆಯುಸ್' ಅನ್ನುತ್ತಾರೆ. ಸಭೆಯನ್ನು ನಡೆಸುವವರಿಗೆ 'ಪ್ರೆಸ್‌ಬುತೆರೊಸ್', ಅಂದರೆ ಹಿರಿಯ. 'ಎಪಿಸ್ಕೊಪೊಸ್', ಅಂದರೆ ಮೇಲ್ವಿಚಾರಕ. ಯೆಹೂದಿ ಯಾಜಕರನ್ನು, ಕ್ರಿಸ್ತನನ್ನು, ಎಲ್ಲ ವಿಶ್ವಾಸಿಗಳನ್ನು ಒಟ್ಟಾಗಿ ಯಾಜಕರು ಅಂತ ಕರೆದಿದೆ. ಆದರೆ ಸಭೆಯ ಒಬ್ಬ ಮುಂದಾಳನ್ನು ಮಾತ್ರ ಎಲ್ಲೂ ಹಾಗೆ ಕರೆದಿಲ್ಲ. ಇಂಗ್ಲಿಷಿನಲ್ಲಿ 'ಪ್ರೀಸ್ಟ್' ಅನ್ನುವ ಪದ ಹುಟ್ಟಿದ್ದೇ ಪ್ರೆಸ್‌ಬುತೆರೊಸ್‌ನಿಂದ. ಹೋಗ್ತಾ ಹೋಗ್ತಾ ಅದೇ ಪದ ಹಿಯೆರೆಯುಸ್‌ಗೂ ಬಳಕೆಯಾಗಿ ಎರಡೂ ಕಲಸಿಹೋಯಿತು. ನಮ್ಮ ಕನ್ನಡ ಬೈಬಲಿನಲ್ಲಿ ಆ ಗೊಂದಲ ಇಲ್ಲ. ಯಾಜಕರು ಬೇರೆ, ಸಭೆಯ ಹಿರಿಯರು ಬೇರೆ.

ಹಾಗಾದರೆ ಹಿರಿಯರು ಯಾಜಕರಾದದ್ದು ಯಾವಾಗ? ಒಂದೇ ದಿನದಲ್ಲಿ ಅಲ್ಲ. ಮೊದಲನೇ ಶತಮಾನದ ಕೊನೆಯಲ್ಲಿ ರೋಮಿನ ಕ್ಲೆಮೆಂಟ್ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮಹಾಯಾಜಕ, ಯಾಜಕ, ಲೇವಿಯರಿಗೆ ಅವರವರ ಕೆಲಸ ಇರುವ ಹಾಗೆ ಎಂದು ಸಭೆಯ ಶಿಸ್ತಿಗೆ ಹೋಲಿಕೆ ಕೊಟ್ಟ. 'ಸಾಮಾನ್ಯ ಜನ' ಅನ್ನುವ ಅರ್ಥದ ಪದವನ್ನು ಬಳಸಿದ ಮೊದಲ ಕ್ರೈಸ್ತರಲ್ಲಿ ಅವನೂ ಒಬ್ಬ. ಮೂರನೇ ಶತಮಾನದ ಕಾರ್ಥೇಜಿನ ಸಿಪ್ರಿಯಾನನಿಗೆ ಬಿಷಪ್ ಅಂದರೆ ನೇರವಾಗಿ ಯಾಜಕನೇ. ಕರ್ತನ ಭೋಜನವನ್ನು, ಅಂದರೆ ಇದೇ ಪರಮಪ್ರಸಾದವನ್ನು, ಬಲಿ ಅಂತ ಅರ್ಥಮಾಡಿಕೊಂಡಷ್ಟೂ ಅದನ್ನು ನಡೆಸುವವನು ಯಾಜಕನಾಗುತ್ತಾ ಹೋದ. ಇದು ಸಹಜವೇ. ಬಲಿ ಇದ್ದಲ್ಲಿ ಯಾಜಕ ಬೇಕಲ್ಲ?

1520ರಲ್ಲಿ, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಈ ಗಂಟಿಗೆ ಕೈ ಹಾಕಿದ. ದೀಕ್ಷಾಸ್ನಾನದ ನೀರಿನಿಂದ ಎದ್ದು ಬಂದ ಪ್ರತಿಯೊಬ್ಬರೂ ಯಾಜಕರೇ, ಇರುವ ಭೇದ ಕೆಲಸದ್ದು ಮಾತ್ರ, ಅಂತಸ್ತಿನದಲ್ಲ ಎಂದ. ಕಥೋಲಿಕರ ಟ್ರೆಂಟ್ ಮಹಾಸಭೆ 1562 ಮತ್ತು 1563ರಲ್ಲಿ ಉತ್ತರ ಕೊಟ್ಟಿತು: ಪೂಜೆ (ಪರಮಪ್ರಸಾದದ ಆರಾಧನೆ) ನಿಜವಾದ ಬಲಿ, ಗುರುದೀಕ್ಷೆ ನಿಜವಾದ ಸಂಸ್ಕಾರ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಎರಡನ್ನೂ ಒಂದೇ ಕಡೆ ಇಟ್ಟಿತು. ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಯಾಜಕತ್ವ ಇದೆ. ಗುರುಗಳ ಯಾಜಕತ್ವ ಅದಕ್ಕಿಂತ ಪ್ರಮಾಣದಲ್ಲಿ ಮಾತ್ರ ಅಲ್ಲ, ಸ್ವರೂಪದಲ್ಲೇ ಬೇರೆ. ಆದರೂ ಎರಡೂ ಕ್ರಿಸ್ತನ ಒಂದೇ ಯಾಜಕತ್ವದ ಪಾಲು.

ಕಥೋಲಿಕರ ಮಾತನ್ನು ನ್ಯಾಯವಾಗಿ ಕೇಳಿಸಿಕೊಳ್ಳಬೇಕು. ಪೂಜೆಯಲ್ಲಿ ಕ್ರಿಸ್ತನನ್ನು ಮತ್ತೆ ಮತ್ತೆ ಬಲಿ ಕೊಡುತ್ತಾರೆ ಅನ್ನುವ ಆರೋಪ ಹಳೆಯದು. ಅವರು ಹೇಳುವುದು ಅದಲ್ಲ. ಶಿಲುಬೆಯ ಮೇಲಿನ ಬಲಿ ಒಂದೇ, ಅದೇ ಬಲಿ ಇಲ್ಲಿ ನಮ್ಮ ಮುಂದೆ ಬರುತ್ತದೆ ಎಂದು. ಯಾಜಕ ಕ್ರಿಸ್ತ ಒಬ್ಬನೇ, ಗುರುಗಳು ಅವನ ಕೈಗಳು ಮಾತ್ರ ಅನ್ನುವುದು ಅವರ ಬೋಧನೆ. ಗುರುಗಳ ಯಾಜಕತ್ವ ಇರುವುದೇ ಜನರ ಯಾಜಕತ್ವದ ಸೇವೆಗಾಗಿ ಎಂದೂ ಅವರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಬೋಧನೆ ಇಷ್ಟು ಸ್ಪಷ್ಟವಾಗಿರುವಾಗ ತಪ್ಪುವುದು ಎಲ್ಲಿ ಅಂದರೆ, ನಡವಳಿಕೆಯಲ್ಲಿ. ಕೈ ತಾನೇ ದೇಹ ಅಂದುಕೊಂಡಾಗ.

'ಎಲ್ಲರೂ ಯಾಜಕರೇ, ಆದ್ದರಿಂದ ಪ್ರತ್ಯೇಕ ಯಾಜಕರು ಬೇಡ' ಅನ್ನುವ ವಾದವೂ ಅಂದುಕೊಂಡಷ್ಟು ಸುಲಭದ್ದಲ್ಲ. ಅದನ್ನು ಬೈಬಲಿನಲ್ಲಿ ಮೊದಲು ಎತ್ತಿದವನು ಕೋರಹ. ಅರಣ್ಯಕಾಂಡ 16ರಲ್ಲಿ ಅವನು ಮೋಶೆ, ಆರೋನರ ಮುಂದೆ ನಿಂತು, ಇಡೀ ಸಮೂಹವೇ ಪವಿತ್ರವಾಗಿರುವಾಗ ನೀವು ಮಾತ್ರ ಯಾಕೆ ಮೇಲೆ ಎಂದು ಕೇಳುತ್ತಾನೆ. ಕೇಳಿದ್ದು ಸುಳ್ಳಲ್ಲ. ವಿಮೋಚನಕಾಂಡ 19ರಲ್ಲಿ ದೇವರೇ ಇಡೀ ಜನಾಂಗವನ್ನು ಯಾಜಕರ ರಾಜ್ಯ ಅಂದಿದ್ದ. ಆದರೂ ಭೂಮಿ ಬಾಯಿ ತೆರೆದು ಕೋರಹನನ್ನು ನುಂಗಿತು. ಪೇತ್ರನ ಮೊದಲನೇ ಪತ್ರ ವಿಶ್ವಾಸಿಗಳೆಲ್ಲ ರಾಜವಂಶದ ಯಾಜಕರು ಎನ್ನುವಾಗ ಬಳಸುವುದು ಇದೇ ವಿಮೋಚನಕಾಂಡದ ಮಾತನ್ನು. ಅಂದಮೇಲೆ ಎಲ್ಲರೂ ಯಾಜಕರು ಅನ್ನುವ ಒಂದೇ ಮಾತಿನಿಂದ ಪ್ರತ್ಯೇಕ ಯಾಜಕತ್ವ ಬಿದ್ದುಹೋಗುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಎರಡೂ ಜೊತೆಗೇ ಇದ್ದವು. ಅದನ್ನು ಬೀಳಿಸುವುದು ಬೇರೆ ಮಾತು, ಕ್ರಿಸ್ತನು ಕುಳಿತ ಅನ್ನುವ ಮಾತು. ಬಲಿ ಮುಗಿದಿದೆ ಅಂದಮೇಲೆ ಆರೋನನ ಕೆಲಸವೂ ಮುಗಿದಿದೆ. ಪ್ರೊಟೆಸ್ಟಂಟರು ತಮ್ಮ ಕಾಲು ಊರಬೇಕಾದದ್ದು ಅಲ್ಲಿ ಅಂತ ನನಗನ್ನಿಸುತ್ತದೆ.

ಊರಿದ್ದಾರಾ? ಹೊಸ ಸಭೆಗಳ ಕಡೆ ನೋಡಿದರೆ ಸಂಕಟವಾಗುತ್ತದೆ. ಅಲ್ಲಿ ಯಾಜಕ ಅನ್ನುವ ಪದ ಇಲ್ಲ, ನಿಲುವಂಗಿ ಇಲ್ಲ, ವೇದಿ ಇಲ್ಲ. ಆದರೆ ಪಾಸ್ಟರ್ ಮುಟ್ಟಿ ಪ್ರಾರ್ಥಿಸಿದ ಎಣ್ಣೆ ಬೇಕು. ಪಾಸ್ಟರ್ ಬಾಯಿಂದ ಬಂದ ಆಶೀರ್ವಾದ ಬೇಕು. ಪಾಸ್ಟರ್ ಮಾತಿಗೆ ಎದುರು ಹೇಳಿದರೆ 'ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ' ಅನ್ನುವ ವಚನ ಸಿದ್ಧ. ಆ ವಚನ ಇರುವುದು 105ನೇ ಕೀರ್ತನೆಯಲ್ಲಿ. ಸಂದರ್ಭ ಓದಿ. ಅದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಬೆರಳೆಣಿಕೆಯಷ್ಟು ಜನ, ನೆಲ ಇಲ್ಲ, ಬಲ ಇಲ್ಲ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದವರು. ಅಂಥವರನ್ನು ಮುಟ್ಟಬೇಡಿ ಅಂತ ದೇವರು ರಾಜರನ್ನು ಗದರಿಸಿದ್ದು. ಬಲ ಇಲ್ಲದವರನ್ನು ಬಲ ಇದ್ದವರಿಂದ ಕಾಯುವ ಮಾತು ಅದು. ಅದನ್ನು ಬಲ ಇದ್ದವರ ಗುರಾಣಿ ಮಾಡಿಕೊಂಡಿದ್ದಾರೆ.

ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲಿನ, ಕಥೆಯೂ ಇದೇ. ಅರಣ್ಯಕಾಂಡ 18ರ ಪ್ರಕಾರ ದಶಮಾಂಶ ಲೇವಿಯರಿಗೆ ಹೋಗುತ್ತಿತ್ತು, ಏಕೆಂದರೆ ಅವರಿಗೆ ಜಮೀನಿನಲ್ಲಿ ಪಾಲು ಇರಲಿಲ್ಲ. ಅವರೂ ತಮಗೆ ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ತೆಗೆದು ಕೊಡಬೇಕಿತ್ತು. ದಶಮಾಂಶ ತನ್ನಿ ಅನ್ನುವ ಮಲಾಕಿಯನ ಮೂರನೇ ಅಧ್ಯಾಯವನ್ನು ಕಾಣಿಕೆಯ ಹೊತ್ತಿಗೆ ಓದದ ಸಭೆ ಕಡಿಮೆ. ಆದರೆ ಮಲಾಕಿಯನ ಪುಸ್ತಕದ ಮೊದಲ ಎರಡು ಅಧ್ಯಾಯಗಳಲ್ಲಿ ದೇವರು ಬೈಯುವುದು ಯಾಜಕರನ್ನೇ. ಕುಂಟು, ಕುರುಡು ಪ್ರಾಣಿಗಳನ್ನು ಬಲಿಗೆ ತಂದಿದ್ದೀರಿ, ನಿಮ್ಮ ಬೋಧನೆಯಿಂದ ಎಷ್ಟೋ ಜನ ಎಡವಿದರು ಅಂತ. ಆ ಅಧ್ಯಾಯಗಳನ್ನು ಕಾಣಿಕೆಯ ಹೊತ್ತಿಗೆ ಓದಿದ್ದನ್ನು ನಾನಂತೂ ಕೇಳಿಲ್ಲ. ಸಭೆಗೆ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪೌಲನೂ ಸಂತೋಷದಿಂದ ಕೊಡಿ ಅನ್ನುತ್ತಾನೆ. ಆದರೆ ಲೇವಿಯರ ಹಕ್ಕನ್ನು ಕೇಳುವವರು ಲೇವಿಯರ ಹಾಗೆ ಆಸ್ತಿ ಇಲ್ಲದೆಯೂ ಇರಬೇಕು, ಅಲ್ವಾ?

ಯಾಜಕರು ಸಾಲದೆ ಇರುವುದು ಇನ್ನೊಂದು ಮುಖ. ಜಗತ್ತಿನಲ್ಲಿ ಸುಮಾರು 140 ಕೋಟಿ ಕಥೋಲಿಕರಿದ್ದಾರೆ, ಗುರುಗಳು ಸುಮಾರು 4 ಲಕ್ಷ. ಅಮೆಜಾನಿನ ಕಾಡಿನ ಕೆಲವು ಕಡೆ ಗುರುಗಳು ಬರುವುದು ತಿಂಗಳುಗಟ್ಟಲೆಗೊಮ್ಮೆ, ಕೆಲವೊಮ್ಮೆ ವರ್ಷಗಟ್ಟಲೆಗೊಮ್ಮೆ. 2019ರಲ್ಲಿ ಆ ಪ್ರದೇಶಕ್ಕಾಗಿ ನಡೆದ ಸಿನೊಡ್‌ನಲ್ಲಿ, ಮದುವೆಯಾಗಿರುವ ಯೋಗ್ಯ ಗಂಡಸರಿಗೆ ಗುರುದೀಕ್ಷೆ ಕೊಡಬಹುದು ಎಂದು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಮತ ಬಿತ್ತು. 2020ರ ಫೆಬ್ರವರಿಯಲ್ಲಿ ಬಂದ ಪೋಪರ ಪತ್ರ ಆ ಸಲಹೆಯನ್ನು ಎತ್ತಿಕೊಳ್ಳಲಿಲ್ಲ. ಮರುತಿಂಗಳೇ ಕೊರೊನಾ ಬಂದು ಚರ್ಚುಗಳ ಬಾಗಿಲು ಮುಚ್ಚಿದವು. ಆಗ ಅಮೆಜಾನಿನವರ ಪಾಡು ಎಲ್ಲರ ಪಾಡಾಯಿತು. ಕಥೋಲಿಕರು ಪೂಜೆಯನ್ನು ಪರದೆಯ ಮೇಲೆ ನೋಡಿ ಮನಸ್ಸಿನಲ್ಲೇ ಪ್ರಸಾದ ಸ್ವೀಕರಿಸಿದರು. ಕೆಲವು ಪ್ರೊಟೆಸ್ಟಂಟ್ ಸಭೆಗಳು ಮನೆಯಲ್ಲೇ ರೊಟ್ಟಿ ಮುರಿಯಿರಿ ಎಂದವು, ಕೆಲವು ಬೇಡ ಎಂದವು. ಮೇಜಿನ ಮೇಲೆ ರೊಟ್ಟಿ ಇದೆ, ಸುತ್ತಲೂ ದೀಕ್ಷಾಸ್ನಾನ ಪಡೆದ ನಾಲ್ಕು ಜನ ಇದ್ದಾರೆ. ಇಷ್ಟು ಸಾಕಾ, ಸಾಲದಾ? ಐನೂರು ವರ್ಷದ ವಾದ ಅಡುಗೆಮನೆಯೊಳಗೆ ಬಂದು ಕೂತಿತ್ತು.

ಇಂಥ ಹಸಿವಿನಿಂದಲೇ ಒಂದು ದೊಡ್ಡ ಬದಲಾವಣೆ ಹಿಂದೊಮ್ಮೆ ಶುರುವಾಗಿತ್ತು. ಎರಡನೇ ಮಹಾಯುದ್ಧದ ಹೊತ್ತು. ಚೀನಾದ ಕರಾವಳಿಯ ಮಕಾವ್‌ನಲ್ಲಿ ನಿರಾಶ್ರಿತರು ತುಂಬಿದ್ದರು. ಜಪಾನಿ ಸೇನೆಯ ಹಿಡಿತದಿಂದಾಗಿ ಆಂಗ್ಲಿಕನ್ ಪಾದ್ರಿಗಳು ಅಲ್ಲಿಗೆ ಬರಲು ಆಗುತ್ತಿರಲಿಲ್ಲ. ಅಲ್ಲಿ ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಫ್ಲಾರೆನ್ಸ್ ಲಿ ಟಿಮ್-ಓಯಿ ಅನ್ನುವ ಮಹಿಳೆ. 1944ರ ಜನವರಿಯಲ್ಲಿ ಹಾಂಗ್‌ಕಾಂಗಿನ ಬಿಷಪ್ ರೊನಾಲ್ಡ್ ಹಾಲ್, ಟಿಮ್-ಓಯಿ ಅವರಿಗೆ ಪಾದ್ರಿಯ ಪೂರ್ಣ ದೀಕ್ಷೆ ಕೊಟ್ಟರು. ಆಂಗ್ಲಿಕನ್ ಚರ್ಚಿನ ಮೊದಲ ಮಹಿಳಾ ಪಾದ್ರಿ. ಯುದ್ಧ ಮುಗಿದ ಮೇಲೆ ದೊಡ್ಡವರೆಲ್ಲ ಆಕ್ಷೇಪಿಸಿದರು. ಬಿಷಪ್ಪರಿಗೆ ತೊಂದರೆ ಆಗಬಾರದು ಅಂತ ಟಿಮ್-ಓಯಿ ತಮ್ಮ ಪರವಾನಗಿಯನ್ನು ಒಪ್ಪಿಸಿದರು. ಆದರೆ ಪಡೆದ ದೀಕ್ಷೆಯನ್ನು ಬಿಟ್ಟುಕೊಡಲಿಲ್ಲ. ಅದಾಗಿ ಐವತ್ತು ವರ್ಷಕ್ಕೆ, 1994ರ ಮಾರ್ಚಿನಲ್ಲಿ ಬ್ರಿಸ್ಟಲ್‌ನಲ್ಲಿ ಇಂಗ್ಲೆಂಡಿನ ಚರ್ಚು 32 ಮಹಿಳೆಯರಿಗೆ ಮೊದಲ ಬಾರಿ ದೀಕ್ಷೆ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಎರಡನೇ ಜಾನ್ ಪಾಲ್, ಮಹಿಳೆಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗೆ ಇಲ್ಲ ಎಂದು ಬರೆದರು. ಯೇಸು ಹನ್ನೆರಡು ಗಂಡಸರನ್ನೇ ಆರಿಸಿಕೊಂಡ, ಅದನ್ನು ಬದಲಿಸಲು ನಾವು ಯಾರು ಅನ್ನುವುದು ಅವರ ವಾದ. 2024ರ ಸಿನೊಡ್ ದಾಖಲೆಯಲ್ಲಿ ಮಹಿಳೆಯರ ಡೀಕನ್ ಸೇವೆಯ (ಪಾದ್ರಿಗಿಂತ ಕೆಳಗಿನ ದೀಕ್ಷೆಯ) ಪ್ರಶ್ನೆಯನ್ನು ತೆರೆದೇ ಇಟ್ಟಿದ್ದಾರೆ. ನನ್ನ ಮಟ್ಟಿಗೆ, ಯೇಸುವಿನ ಯಾಜಕತ್ವವೇ ಹುಟ್ಟಿನ ನಿಯಮವನ್ನು ದಾಟಿ ಬಂದದ್ದು ಅಂತ ಇಬ್ರಿಯರ ಪತ್ರಿಕೆ ಅಷ್ಟು ಒತ್ತಿ ಹೇಳಿರುವಾಗ, ಮತ್ತೆ ಹುಟ್ಟಿನ ಮೇಲೆ ಬಾಗಿಲು ಹಾಕುವುದು ಕಷ್ಟ. ಇದನ್ನು ಒಪ್ಪದ ಕಥೋಲಿಕ ಸ್ನೇಹಿತರು ನನಗಿದ್ದಾರೆ. ಅವರ ಭಕ್ತಿ ನನ್ನದಕ್ಕಿಂತ ಕಡಿಮೆಯದಲ್ಲ.

ನಮ್ಮ ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾಗಿನ ಒಂದು ರಾತ್ರಿ ನನಗೆ ಆಗಾಗ ನೆನಪಾಗುತ್ತದೆ. ಉಸಿರು ಎಳೆದು ಎಳೆದು ಬಿಡುತ್ತಿದ್ದರು. ಮಂಚದ ಸುತ್ತ ನಾವು ಆರೇಳು ಜನ. ಚಿಕ್ಕಂದಿನಿಂದ ಬೈಬಲ್ ಓದಿದವರು, ಹಾಡು ಬಾಯಿಪಾಠ ಇರುವವರು. ಎರಡು ಗಂಟೆ ಕಾಲ ಒಬ್ಬರೂ ಬಾಯಿ ತೆರೆದು ಪ್ರಾರ್ಥಿಸಲಿಲ್ಲ. ಎಲ್ಲರೂ 'ಪಾಸ್ಟರ್ ಬರ್ತಿದ್ದಾರಂತೆ' ಅಂತ ಬಾಗಿಲ ಕಡೆ ನೋಡುತ್ತಾ ನಿಂತಿದ್ದೆವು. ಕೊನೆಗೂ ಅವರು ಬಂದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಚಿಕ್ಕಮ್ಮನ ಕೈ ಹಿಡಿದುಕೊಂಡರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಚಿಕ್ಕಮ್ಮನ ಕಿರಿಮಗಳ ಕಡೆ ತಿರುಗಿ, 'ನೀನು ಪ್ರಾರ್ಥನೆ ಮಾಡಮ್ಮ, ನಾನು ಆಮೆನ್ ಅಂತೀನಿ' ಎಂದರು.

ಅವಳು ಮುಂದೆ ಬಂದಳು. ಪಾಸ್ಟರ್ ಹಿಂದಕ್ಕೆ ಸರಿದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತರು.